ಪೂಜೆಗಿಟ್ಟ ಬೋರ್ಡು

ನನ್ನ ಕೆಲಸ ಏನೆಂದು ನೆಂಟರಿಗೆ ಹೇಳಿ ಹೇಳಿ ಸೋತಿದ್ದೇನೆ. ತಿರುವನಂತಪುರದಲ್ಲಿದ್ದಾನೆ ಅಂದ ಕೂಡಲೇ ಎಲ್ಲರೂ ರಾಕೆಟ್ಟು ಅಂದುಕೊಳ್ಳುತ್ತಾರೆ. ರಾಕೆಟ್ಟಿಗೂ ನನಗೂ ಯಾವ ಸಂಬಂಧವೂ ಇಲ್ಲ. ಹದಿನಾಲ್ಕು ವರ್ಷದ ಹಿಂದೆ ಬ್ಯಾಂಕಿನವರು ನನ್ನ ಹೆಂಡತಿ ಸುಮಿತ್ರಳನ್ನು ಮೈಸೂರಿನಿಂದ ಇಲ್ಲಿಗೆ ವರ್ಗ ಮಾಡಿದರು, ಅವಳ ಟ್ರಂಕಿನ ಜೊತೆ ನಾನೂ ಬಂದೆ. ಬಂದವನು ಒಂದು ಸಣ್ಣ ಕಂಪನಿ ಸೇರಿ ಬೂಟ್‌ಲೋಡರ್ ಬರೆಯುತ್ತಾ ಕೂತೆ.

ಯಂತ್ರಕ್ಕೆ ಕರೆಂಟು ಕೊಟ್ಟ ತಕ್ಷಣ ಅದರೊಳಗೆ ಎಲ್ಲಕ್ಕಿಂತ ಮೊದಲು ಏಳುವ ಪುಟ್ಟ ಪ್ರೋಗ್ರಾಮೇ ಬೂಟ್‌ಲೋಡರ್. ಅದು ಎದ್ದು ಮೆಮೊರಿ ಕಾರ್ಡಿನಲ್ಲಿ ಮಲಗಿರುವ ದೊಡ್ಡ ಪ್ರೋಗ್ರಾಮನ್ನು ಹುಡುಕಿ ಎಬ್ಬಿಸಬೇಕು. ಅಷ್ಟಾದರೆ ಅದರ ಕೆಲಸ ಮುಗಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕು ಅನ್ನುತ್ತಾರಲ್ಲ, ಆ ಪೂಜಾರಿಯನ್ನು ತಯಾರು ಮಾಡುವವನು ನಾನು.

ಕಾರ್ಡಿನಲ್ಲಿ ಕಡತಗಳನ್ನು ಬರೆದಿಡುವ ಕ್ರಮಕ್ಕೆ ಫೈಲ್‌ಸಿಸ್ಟಂ ಎಂದು ಹೆಸರು. ಅದರಲ್ಲಿ ಹಲವು ಬಗೆ ಇವೆ, ಒಂದೊಂದೂ ಒಂದೊಂದು ಲಿಪಿ ಇದ್ದ ಹಾಗೆ. ಬೂಟ್‌ಲೋಡರಿಗೆ ಯಾವ ಯಾವ ಲಿಪಿ ಓದಲು ಬರಬೇಕು ಎಂದು ನಾವು ಮೊದಲೇ ಒಂದು ಪಟ್ಟಿಯಲ್ಲಿ ಟಿಕ್ ಹಾಕಿ ಕೊಡಬೇಕು. ಟಿಕ್ ಇಲ್ಲದ್ದು ಅದರ ಪಾಲಿಗೆ ಇಲ್ಲವೇ ಇಲ್ಲ. ಮೊದಲ ಸಲ ಇಲ್ಲಿನ ತಂಪಾನೂರು ಬಸ್ ನಿಲ್ದಾಣದಲ್ಲಿ ಇಳಿದು ನಾನು ಬಸ್ಸುಗಳ ಮುಂದೆ ನಿಂತದ್ದು ಹೀಗೆಯೇ. ನಾನು ಹತ್ತಬೇಕಾದ ಬಸ್ಸು ಕಣ್ಣೆದುರೇ ಇತ್ತು, ಮಲಯಾಳದ ಬೋರ್ಡು ಓದಲು ಬರಲಿಲ್ಲ, ಅದು ಹೊರಟುಹೋಯಿತು.

ನಮ್ಮ ಕಂಪನಿ ಕೊಚ್ಚಿಯ ಮೀನುಗಾರರ ಬೋಟುಗಳಿಗೆ ಒಂದು ಪೆಟ್ಟಿಗೆ ಮಾಡಿಕೊಟ್ಟಿದೆ. ಬೋಟು ಎಲ್ಲಿದೆ ಎಂದು ಉಪಗ್ರಹದ ಮೂಲಕ ದಡಕ್ಕೆ ತಿಳಿಸುತ್ತದೆ. ದಡದಿಂದ ಗಾಳಿ ಮಳೆಯ ಎಚ್ಚರಿಕೆ ಕಳಿಸಿದರೆ ಮಲಯಾಳದಲ್ಲಿ ಗಟ್ಟಿಯಾಗಿ ಕೂಗಿ ಹೇಳುತ್ತದೆ. ಪರದೆ ಇಲ್ಲ. ಒಂದು ಸ್ಪೀಕರು, ‘ಸರಿ’ ಎನ್ನಲು ಒಂದು ಗುಂಡಿ, ‘ಅಪಾಯ’ ಎನ್ನಲು ಇನ್ನೊಂದು, ಮೇಲೊಂದು ಹಸಿರು ದೀಪ. ಉಪ್ಪುನೀರು ಹೋಗದಿರಲೆಂದು ಒಳಗೆಲ್ಲ ಅಂಟು ತುಂಬಿ ಗಟ್ಟಿ ಮಾಡಿರುತ್ತೇವೆ. ಬೂಟ್‌ಲೋಡರನ್ನು ಯಾರೂ ಕೆಡಿಸದಿರಲೆಂದು ಅದಕ್ಕೂ ಬೀಗ ಹಾಕಿದ್ದೇನೆ. ಆ ಬೀಗ ತೆಗೆಯಬೇಕಾದರೆ ಪೆಟ್ಟಿಗೆಯನ್ನು ಒಡೆಯಬೇಕು.

ಹಸಿರು ದೀಪ ನನ್ನ ಐಡಿಯಾ. ಬೂಟ್‌ಲೋಡರಿನ ಮೊದಲ ಸಾಲೇ ಅದನ್ನು ಹೊತ್ತಿಸುತ್ತದೆ. ಮೂರು ವರ್ಷದ ಹಿಂದೆ ಕೊಚ್ಚಿಯಲ್ಲಿ ಮೊದಲ ಪೆಟ್ಟಿಗೆ ಕೂರಿಸಿದ್ದು ಅಲ್ವಿನ್‌ನ ಬೋಟಿನಲ್ಲಿ. ಅಲ್ವಿನ್ ಆ ಬೋಟಿನ ಸ್ರಾಂಕ್, ಅಂದರೆ ನಡೆಸುವವನು. ಅವನ ಹೆಂಡತಿ ಗ್ರೇಸಿ ಮಟ್ಟಾಂಚೇರಿಯಲ್ಲಿ ಬೋಟು ಮಾಲೀಕರ ಆಫೀಸಿನಲ್ಲಿ ವಯರ್‌ಲೆಸ್ ಮುಂದೆ ಕೂರುತ್ತಾಳೆ. ಪೆಟ್ಟಿಗೆಯನ್ನು ಸುತ್ತಿ ಸುತ್ತಿ ನೋಡಿ ಅಲ್ವಿನ್ ಕೇಳಿದ್ದ: "ಇದು ಬದುಕಿದೆಯೋ ಸತ್ತಿದೆಯೋ ನಮಗೆ ಹೇಗೆ ಗೊತ್ತಾಗೋದು ಸಾರೆ?"

"ಹಸಿರು ದೀಪ ಉರೀತಿದ್ರೆ ನಾನು ಎಚ್ಚರವಾಗಿದ್ದೀನಿ ಅಂತ ತಿಳ್ಕೋ" ಅಂದಿದ್ದೆ. ಆ ಮಾತು ನನಗೇ ಬಹಳ ಹಿಡಿಸಿತ್ತು. ಆಮೇಲೆ ಉಳಿದ ನಲವತ್ತು ಬೋಟುಗಳಲ್ಲೂ ಅದನ್ನೇ ಹೇಳಿದೆ.

ಈಗ ನವೆಂಬರಿನ ಆ ಗುರುವಾರಕ್ಕೆ ಬರುತ್ತೇನೆ. ಬೆಳಗ್ಗೆ ಅಪೂರ್ವಾ ಒಂದು ಪೆಟ್ಟಿಗೆಯನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಅವಳು ಕಾಸರಗೋಡಿನವಳು, ಆಫೀಸಿನಲ್ಲಿ ನನ್ನ ಜೊತೆ ಕನ್ನಡ ಆಡುವ ಒಂದೇ ಜೀವ.

"ಸಾರ್, ಇದು ಆಂಟೆನಾ ಮುರಿದು ರಿಪೇರಿಗೆ ಬಂದದ್ದು. ಹೊಸ ಅಪ್‌ಡೇಟ್ ಹಾಕಿ ನೋಡಿದೆ. ಈಗ ಏಳುದೇ ಇಲ್ಲ."

"ದೀಪ ಉರೀತಿದೆಯಲ್ಲಮ್ಮ."

"ದೀಪ ಉಂಟು. ಮತ್ತೆ ಎಂತದೂ ಇಲ್ಲ."

ಹೊಸ ಅಪ್‌ಡೇಟ್ ಅವಳದೇ ಕೆಲಸ. ಇಷ್ಟು ದಿನ ಕಾರ್ಡಿನಲ್ಲಿ ಎಲ್ಲವನ್ನೂ ಫ್ಯಾಟ್ ಎಂಬ ಹಳೇ ಫೈಲ್‌ಸಿಸ್ಟಮಿನಲ್ಲಿ ಬರೆದಿಡುತ್ತಿದ್ದೆವು. ಥಟ್ಟನೆ ಕರೆಂಟು ಹೋದರೆ ಅದು ಕೆಡುತ್ತದೆ, ಬೋಟಿನಲ್ಲಿ ಕರೆಂಟು ಹೋಗುವುದೇ ಥಟ್ಟನೆ. ಹಾಗಾಗಿ ಎಲ್ಲವನ್ನೂ ಎಕ್ಸ್‌ಟಿ-ಫೋರ್ ಎಂಬ ಗಟ್ಟಿ ಫೈಲ್‌ಸಿಸ್ಟಮಿಗೆ ಬದಲಾಯಿಸೋಣ ಎಂದು ಅವಳು ಹೇಳಿದಳು. ಯೋಚನೆ ಸರಿಯಾಗಿಯೇ ಇತ್ತು. ನಮ್ಮ ಬೂಟ್‌ಲೋಡರಿಗೆ ಅದು ಓದಲು ಬರುತ್ತದಾ ಎಂದೂ ಕೇಳಿದ್ದಳು. ನಾನು ದೊಡ್ಡ ಜ್ಞಾನಿಯ ಹಾಗೆ, "ನನ್ನ ನೆನಪನ್ನ ನಂಬಬೇಡ, ಲ್ಯಾಬಿನಲ್ಲಿರೋ ಒಂದನೇ ನಂಬರಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಪರೀಕ್ಷೆ ಮಾಡಿ ನೋಡು" ಅಂದಿದ್ದೆ. ಪರೀಕ್ಷೆ ಮಾಡಿದಳು. ಇಪ್ಪತ್ತು ಸಲ ಆಫ್ ಮಾಡಿ ಆನ್ ಮಾಡಿದಳು, ಇಪ್ಪತ್ತು ಸಲವೂ ಎದ್ದಿತು. ಅಪ್‌ಡೇಟ್ ಕಳಿಸಲು ನಾನು ಸಹಿ ಹಾಕಿದೆ.

ಪೆಟ್ಟಿಗೆಯ ತಳದ ಮುಚ್ಚಳ ತೆಗೆದು ತಂತಿ ಸಿಕ್ಕಿಸಿ ಕಂಪ್ಯೂಟರಿನಲ್ಲಿ ನೋಡಿದೆ. ಬೂಟ್‌ಲೋಡರ್ ಒಂದೇ ಒಂದು ಸಾಲು ಬರೆದು ಸುಮ್ಮನಾಗಿತ್ತು: ಈ ಫೈಲ್‌ಸಿಸ್ಟಂ ಯಾವುದೆಂದು ಗುರುತಾಗಲಿಲ್ಲ.

ಒಂದನೇ ನಂಬರಿನ ಬೋರ್ಡಿಗೂ ಅದೇ ತಂತಿ ಸಿಕ್ಕಿಸಿದೆ. ಅದು ಸಲೀಸಾಗಿ ಎದ್ದಿತು. ಅದರ ಬೂಟ್‌ಲೋಡರಿನ ತಾರೀಖು ಉಳಿದವುಗಳಿಗಿಂತ ಆರು ವಾರ ಹಳೆಯದು.

"ನಿರ್ಮಲ ಚೇಚೀ" ಎಂದು ಕೂಗಿದೆ. ನಾವೆಲ್ಲ ಚೇಚಿ, ಅಂದರೆ ಅಕ್ಕ, ಎನ್ನುವ ನಿರ್ಮಲ ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್, ಬೋರ್ಡುಗಳೆಲ್ಲ ಅವಳ ಕೈಯಿಂದಲೇ ಹೊರಗೆ ಹೋಗಬೇಕು. "ಇದಕ್ಕೆ ಕೊನೇ ಬೂಟ್‌ಲೋಡರ್ ಹಾಕಲಿಲ್ವಾ?"

ಅವಳು ಯೋಚನೆ ಕೂಡ ಮಾಡಲಿಲ್ಲ. "ಅದು ಪೂಜೆಗಿಟ್ಟಿತ್ತಲ್ಲ ಸಾರೆ."

ಆಗ ಎಲ್ಲ ನೆನಪಾಯಿತು. ನಮ್ಮ ಮೈಸೂರಿನಲ್ಲಿ ಆಯುಧಪೂಜೆ ಅಂದರೆ ಬೆಳಗ್ಗೆ ಗಾಡಿಗೆ ಕುಂಬಳಕಾಯಿ ಒಡೆದು ಮಧ್ಯಾಹ್ನ ಅದೇ ಗಾಡಿಯಲ್ಲಿ ಸುತ್ತಲು ಹೋಗುತ್ತೇವೆ. ಇಲ್ಲಿ ಹಾಗಲ್ಲ. ಅಷ್ಟಮಿಯ ಸಂಜೆ ಪುಸ್ತಕ, ಹತಾರ ಎಲ್ಲ ಸರಸ್ವತಿಯ ಮುಂದಿಟ್ಟರೆ ವಿಜಯದಶಮಿಯ ಬೆಳಗಿನ ತನಕ ಯಾರೂ ಮುಟ್ಟುವಂತಿಲ್ಲ. ಮೂರು ವರ್ಷದ ಹಿಂದೆ, ಮೊಟ್ಟಮೊದಲು ಸರಿಯಾಗಿ ಮಾತಾಡಿದ ಬೋರ್ಡು ಎಂದು ನಿರ್ಮಲ ಈ ಒಂದನೇ ನಂಬರನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಚಂದನ ಹಚ್ಚಿ ಪೂಜೆಗಿಟ್ಟಿದ್ದಳು. ಬೂಟ್‌ಲೋಡರಿಗೆಂದು ಚಿಪ್‌ನಲ್ಲಿದ್ದ ಜಾಗಕ್ಕಿಂತ, ಆರು ವಾರದಲ್ಲಿ ಅದೂ ಇದೂ ಸೇರಿ ಬೆಳೆದ ನನ್ನದು ಹನ್ನೊಂದು ಕೆಬಿ ಹೆಚ್ಚಾಗಿದೆ ಎಂದು ತಿಳಿದದ್ದು ಸರಿಯಾಗಿ ಆ ದಿನಗಳಲ್ಲೇ. ಕೊಚ್ಚಿಗೆ ಪೆಟ್ಟಿಗೆಗಳನ್ನು ಕಳಿಸಲು ಇನ್ನು ನಾಲ್ಕು ದಿನ ಇತ್ತು. ಪಟ್ಟಿಯಲ್ಲಿ ಎಕ್ಸ್‌ಟಿ-ಫೋರಿನ ಎದುರಿದ್ದ ಟಿಕ್ ತೆಗೆದೆ, ಜಾಗ ಸಾಕಾಯಿತು. ಹೇಗೂ ಫ್ಯಾಟ್ ತಾನೆ ಬಳಸುವುದು ಅಂದುಕೊಂಡೆ. ಮಹಾನವಮಿಯ ದಿನ ಬಾಗಿಲು ಅರ್ಧ ಮುಚ್ಚಿಕೊಂಡು ನಲವತ್ತೊಂದು ಪೆಟ್ಟಿಗೆಗಳಿಗೂ ಹೊಸದನ್ನು ಬರೆದು ಬೀಗ ಹಾಕಿದೆವು. ಪೂಜೆಯಲ್ಲಿದ್ದ ಒಂದನ್ನು ಮುಟ್ಟಲಿಲ್ಲ. "ಇರಲಿ ಚೇಚಿ, ವಿಜಯದಶಮಿ ಕಳೆದ ಮೇಲೆ ಬರೆದರಾಯ್ತು" ಎಂದವನು ನಾನೇ. ದಶಮಿ ಕಳೆಯಿತು, ಮೂರು ದಶಮಿ ಕಳೆದವು. ಒಳ್ಳೆಯ ಶಕುನದ ಬೋರ್ಡು ಎಂದು ಎಲ್ಲ ಪರೀಕ್ಷೆಯನ್ನೂ ಅದರ ಮೇಲೆಯೇ ಮಾಡುತ್ತಾ ಬಂದೆವು. ಇದರಲ್ಲಿ ದೇವಿಯ ತಪ್ಪೇನೂ ಇಲ್ಲ, ನಿರ್ಮಲಳದೂ ಇಲ್ಲ.

"ಅಪ್‌ಡೇಟ್ ಎಷ್ಟು ಬೋಟಿಗೆ ಹೋಗಿದೆ?" ಅಂದೆ.

ಅಪೂರ್ವಾಳ ಮುಖ ಬಿಳುಚಿಕೊಂಡಿತ್ತು. "ಸೋಮವಾರ ಬಂದರಲ್ಲಿ ಹೊರಡಲು ತಯಾರಾಗಿದ್ದ ಒಂಬತ್ತಕ್ಕೆ, ಬಾಕಿ ಎಲ್ಲ ದಡದಲ್ಲೇ ಉಂಟು. ಮಂಗಳವಾರ ಒಂಬತ್ತೂ ಕಡಲಿಗೆ ಹೋಗಿ ಆಯಿತು ಸಾರ್."

ಗೋಡೆಯ ದೊಡ್ಡ ಪರದೆಯ ನಕ್ಷೆಯಲ್ಲಿ ಆ ಒಂಬತ್ತು ಬೋಟುಗಳ ಚುಕ್ಕೆಗಳು ಉರಿಯುತ್ತಿದ್ದವು. ಅಪ್‌ಡೇಟ್ ಬಂದು ಕಾರ್ಡಿನಲ್ಲಿ ಹಳೆಯದನ್ನೆಲ್ಲ ಅಳಿಸಿ ಹೊಸದನ್ನು ಬರೆದುಕೊಂಡು ಕೂತಿರುತ್ತದೆ. ಪೆಟ್ಟಿಗೆ ಆಫ್ ಆಗದಿದ್ದರೆ ಏನೂ ತೊಂದರೆ ಇಲ್ಲ. ಒಂದು ಸಲ ಆಫ್ ಆಗಿ ಆನ್ ಆದರೆ ಬೂಟ್‌ಲೋಡರ್ ಏಳುತ್ತದೆ, ದೀಪ ಹೊತ್ತಿಸುತ್ತದೆ, ಕಾರ್ಡು ನೋಡುತ್ತದೆ, ಓದಲು ಬರದೆ ನಿಂತುಬಿಡುತ್ತದೆ. ಹೊರಗಿನಿಂದ ನೋಡಿದವರಿಗೆ ಹಸಿರು ದೀಪ ಉರಿಯುತ್ತಿರುತ್ತದೆ.

ಹಳೆಯದನ್ನೇ ಮತ್ತೆ ಕಳಿಸೋಣವೆಂದರೆ ಅಷ್ಟು ದೊಡ್ಡ ಅಪ್‌ಡೇಟ್ ಬಂದರಿನ ನೆಟ್‌ವರ್ಕಿನಲ್ಲಷ್ಟೇ ಹೋಗುತ್ತದೆ, ಉಪಗ್ರಹದಲ್ಲಿ ಹೋಗುವುದು ಒಂದೆರಡು ಸಾಲಿನ ಸಂದೇಶ ಮಾತ್ರ. ಪೆಟ್ಟಿಗೆಗಳಿಗೆ ನಾನೇ, ನನ್ನ ಹೆಸರು ಹಾಕಿ, ಸಂದೇಶ ಕಳಿಸಿದೆ: ‘ಯಾವ ಕಾರಣಕ್ಕೂ ಪೆಟ್ಟಿಗೆಯನ್ನು ಆಫ್ ಮಾಡಬೇಡಿ. ಇದು ಉಪೇಂದ್ರ ಸಾರ್ ಮಾತು.’ ಒಂಬತ್ತು ಬೋಟುಗಳಲ್ಲಿ ಅದು ಗಟ್ಟಿಯಾಗಿ ಕೂಗಿರಬೇಕು. ‘ಸರಿ’ ಗುಂಡಿ ಒತ್ತಿದವನು ಅಲ್ವಿನ್ ಒಬ್ಬನೇ. ಹತ್ತು ನಿಮಿಷದಲ್ಲಿ ಒಂದು ಚುಕ್ಕೆ ಆರಿತು. ಅರ್ಧ ಗಂಟೆಯಲ್ಲಿ ಇನ್ನೆರಡು. ಗಾಬರಿಯಾಗಿ ಗ್ರೇಸಿಗೆ ಫೋನ್ ಮಾಡಿದೆ.

"ಹಾಗೆ ಹೇಳಿದ್ರೆ ಆಫ್ ಮಾಡದೆ ಇರ್ತಾರಾ ಸಾರೆ?" ಅಂದಳು ಗ್ರೇಸಿ. "ಮೀನು ಸಿಕ್ಕ ಜಾಗದಲ್ಲಿ ಎಲ್ಲರೂ ಪೆಟ್ಟಿಗೆ ಆಫ್ ಮಾಡ್ತಾರೆ. ಇಲ್ಲದಿದ್ರೆ ಜಾಗ ಊರಿಗೆಲ್ಲ ಗೊತ್ತಾಗತ್ತೆ ಅಂತ. ಈಗ ನೀವೇ ಆಫ್ ಮಾಡಬೇಡಿ ಅಂದ್ರೆ, ಆಫೀಸಿನವರು ನಮ್ಮ ಜಾಗ ಯಾರಿಗೋ ಮಾರ್ತಿದ್ದಾರೆ ಅಂತ ತಿಳ್ಕೊಳ್ತಾರೆ."

"ನನಗಿದು ಗೊತ್ತೇ ಇರಲಿಲ್ಲವಲ್ಲ ಗ್ರೇಸಿ."

"ನಿಮಗೆ ಹೇಳ್ತಾರಾ ಸಾರೆ?"

ಮಾಡಿದ್ದುಣ್ಣೋ ಮಹರಾಯ. ಸಂಜೆಗೆ ಐದು ಚುಕ್ಕೆ ಉಳಿದವು. ಅಪೂರ್ವಾ ಅಷ್ಟರಲ್ಲಿ ಬೂಟ್‌ಲೋಡರನ್ನು ಸರಿಮಾಡಿದ್ದಳು. ಹನ್ನೊಂದು ಕೆಬಿ ಜಾಗ ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಅವಳು ತಲೆ ತಗ್ಗಿಸಿ, "ಕಂಪನಿಯ ಲೋಗೋದ ಚಿತ್ರ ಒಳಗೆ ಇತ್ತು ಸಾರ್, ಅದನ್ನು ತೆಗೆದೆ" ಅಂದಳು. ಪರದೆಯೇ ಇಲ್ಲದ ಪೆಟ್ಟಿಗೆಯೊಳಗೆ ಮೂರು ವರ್ಷದಿಂದ ಒಂದು ಲೋಗೋ ಹಾಯಾಗಿ ಮಲಗಿತ್ತು. ಇಡೀ ತಿದ್ದುಪಡಿಗೆ ಹಿಡಿದದ್ದು ಆರು ನಿಮಿಷ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಲ್ಯಾಬಿನ ಮೇಜಿನ ಮೇಲೆ ಎಲ್ಲವೂ ಚೆನ್ನಾಗಿ ಎದ್ದು ಕೂರುತ್ತಿತ್ತು.

ಶುಕ್ರವಾರ ಬೆಳಗಿನ ಜಾವದ ರೈಲಿಗೆ ಕೊಚ್ಚಿಗೆ ಹೊರಟೆ. "ಅಲ್ಲಿಗೆ ಹೋಗಿ ಏನು ಮಾಡ್ತೀರಿ?" ಎಂದಳು ಸುಮಿತ್ರ.

"ಇಲ್ಲಿದ್ದು ಏನು ಮಾಡ್ಲಿ ಹೇಳು."

ಅವಳು ಇಡ್ಲಿ ಕಟ್ಟಿಕೊಟ್ಟಳು. ಇಡ್ಲಿಯ ಪೊಟ್ಟಣ ಎರ್ನಾಕುಲಂವರೆಗೂ ತೊಡೆಯ ಮೇಲೆಯೇ ಇತ್ತು. ಕೈಯಲ್ಲಿ ಫೋನು, ಫೋನಿನಲ್ಲಿ ಚುಕ್ಕೆಗಳು. ಕೊಲ್ಲಂ ದಾಟುವಾಗ ಐದಿದ್ದವು ನಾಲ್ಕಾದವು. ಎದುರು ಕೂತಿದ್ದ ಹೆಂಗಸು ನನ್ನ ಮುಖ ನೋಡಿ, ಯಾರಿಗಾದರೂ ಹುಷಾರಿಲ್ಲವಾ ಎಂದು ಕೇಳಿದಳು. ಹೌದು ಅಂದೆ.

ಮಟ್ಟಾಂಚೇರಿಯ ಆ ಆಫೀಸು ಒಂದು ಹಳೇ ಗೋದಾಮಿನ ಮಹಡಿಯಲ್ಲಿದೆ. ಕೆಳಗೆ ಒಣಶುಂಠಿಯ ಮೂಟೆಗಳು. ನಾನು ಮೆಟ್ಟಿಲು ಹತ್ತಿ ಹೋದಾಗ ಗ್ರೇಸಿ ವಯರ್‌ಲೆಸ್ಸಿನಲ್ಲಿ ಕೂಗುತ್ತಿದ್ದಳು. ಅದರ ದನಿ ದಡದ ಹತ್ತಿರದ ಬೋಟುಗಳಿಗಷ್ಟೇ ಕೇಳುತ್ತದೆ. ದೂರ ಹೋದವರಿಗೆ ಬೋಟಿನಿಂದ ಬೋಟಿಗೆ ಬಾಯಿಂದ ಬಾಯಿಗೆ ದಾಟಿಸಬೇಕು. ಅವಳು ನನಗೆ ಕುರ್ಚಿ ತೋರಿಸಿ, ಗೋಡೆಗೆ ಒರಗಿಸಿದ್ದ ಟ್ಯಾಬಿನ ಕಡೆ ಕಣ್ಣು ಹಾಯಿಸಿದಳು. ಮೂರು ಚುಕ್ಕೆ. ಎರಡು ಉತ್ತರದಲ್ಲಿ ಒಟ್ಟಿಗೆ, ಒಂದು ಮಾತ್ರ ಬಹಳ ದೂರ, ನೈರುತ್ಯದಲ್ಲಿ. ಆ ಒಂದು ಅಲ್ವಿನ್‌ನದು.

"ಅವನು ಆಫ್ ಮಾಡೋದಿಲ್ಲ" ಅಂದಳು ಗ್ರೇಸಿ. "ಸಾರ್ ಹೇಳಿದ್ರೆ ಮುಗೀತು ಅವನಿಗೆ."

ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಅವನ ಚುಕ್ಕೆ ಆರಿತು.

ನಾವಿಬ್ಬರೂ ನೋಡುತ್ತಲೇ ಇದ್ದೆವು. ಆಫ್ ಮಾಡಿರಲಾರ. ಬಲೆ ಎಳೆದ ಮೇಲೆ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಿರಬೇಕು. ದಿನಗಟ್ಟಲೆ ದುಡಿದು ಸೋತ ಬ್ಯಾಟರಿ ಸ್ಟಾರ್ಟ್ ಮಾಡುವಾಗ ಒಂದು ಕ್ಷಣ ಕುಸಿಯುತ್ತದೆ, ಅಷ್ಟು ಸಾಕು. ಇದು ನನಗೆ ಹಿಂದಿನ ದಿನವೇ ಹೊಳೆಯಬೇಕಿತ್ತು. ಹೊಳೆದಿದ್ದರೂ ಏನು ಮಾಡುತ್ತಿದ್ದೆ? ಎಂಜಿನ್ ಸ್ಟಾರ್ಟ್ ಮಾಡಬೇಡ ಎಂದು ನಡುಗಡಲಿನಲ್ಲಿರುವವನಿಗೆ ಹೇಳುವುದಕ್ಕಾಗುತ್ತದೆಯೇ?

ಹನ್ನೊಂದೂವರೆಗೆ ಹವಾಮಾನದ ಎಚ್ಚರಿಕೆ ಬಂತು. ಸಂಜೆಯಿಂದ ಬಿರುಗಾಳಿ, ಕಡಲಿನಲ್ಲಿರುವವರೆಲ್ಲ ತಕ್ಷಣ ದಡಕ್ಕೆ ಮರಳಬೇಕು. ಬದುಕಿದ್ದ ಎರಡು ಪೆಟ್ಟಿಗೆಗಳು ಅದನ್ನು ಕೂಗಿದವು. ಆ ಎರಡು ಬೋಟಿನವರು ವಯರ್‌ಲೆಸ್ಸಿನಲ್ಲಿ ಪಕ್ಕದವರಿಗೆ ಹೇಳಿದರು, ಅವರು ಇನ್ನೊಬ್ಬರಿಗೆ. ಮೂರು ಗಂಟೆಯ ಹೊತ್ತಿಗೆ ಎಂಟು ಬೋಟುಗಳ ಸುದ್ದಿ ಸಿಕ್ಕಿತು, ಎಂಟೂ ತಿರುಗಿದ್ದವು. ಅಲ್ವಿನ್ ಇದ್ದ ಕಡೆ ಯಾರ ದನಿಯೂ ಮುಟ್ಟಲಿಲ್ಲ. ಕೋಸ್ಟ್ ಗಾರ್ಡಿನವರಿಗೆ ಅವನ ಕೊನೆಯ ಜಾಗ ಕೊಟ್ಟೆವು. ಹಡಗು ಕಳಿಸುತ್ತೇವೆ, ತಲುಪಲು ಹೊತ್ತಾಗುತ್ತದೆ ಎಂದರು.

ಗ್ರೇಸಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನನ್ನ ಕಡೆ ತಿರುಗಿ, "ಸಾರೆ, ಪೆಟ್ಟಿಗೆ ಸತ್ತರೆ ದೀಪಾನೂ ಆರಿರತ್ತಲ್ವಾ?" ಎಂದಳು.

ನಾನು ಟ್ಯಾಬಿನ ಕಡೆ ನೋಡಿದೆ.

"ದೀಪ ಆರಿದ್ದು ಕಂಡ್ರೆ ಅವನು ಒಂದು ನಿಮಿಷ ನಿಲ್ಲೋದಿಲ್ಲ. ಬಲೆ ಕತ್ತರಿಸಿ ಹಾಕಿಯಾದ್ರೂ ವಾಪಸ್ ಬರ್ತೀನಿ ಅಂತ ನನಗೆ ಮಾತು ಕೊಟ್ಟಿದ್ದಾನೆ. ಹತ್ತೂ ನಲವತ್ತಕ್ಕೇ ಹೊರಟಿರ್ತಾನೆ. ಅಲ್ವಾ ಸಾರೆ?"

"ಹೌದು" ಅಂದೆ. "ದೀಪ ಆರಿರತ್ತೆ."

ಬೇರೆ ಏನು ಹೇಳಬೇಕಿತ್ತು ಎಂದು ಈಗಲೂ ನನಗೆ ತಿಳಿಯುವುದಿಲ್ಲ. ಅವಳು ಶಿಲುಬೆಯ ಗುರುತು ಮಾಡಿಕೊಂಡು, ಬೆಳಗಿನಿಂದ ಮೊದಲ ಸಲ ಒಂದು ಲೋಟ ನೀರು ಕುಡಿದಳು. ಅಲ್ಲಿಗೆ ಬಂದವರಿಗೆಲ್ಲ, ಅವನು ಆಗಲೇ ಹೊರಟಿದ್ದಾನೆ, ಸಾರ್ ಹೇಳಿದರು ಎಂದು ಹೇಳತೊಡಗಿದಳು. ನಾನು ಪ್ರತಿ ಸಲವೂ ತಲೆಯಾಡಿಸಿದೆ.

ಸಂಜೆ ಹೇಳಿದ ಹೊತ್ತಿಗೇ ಗಾಳಿ ಬಂತು. ಶನಿವಾರ ಎಂಟು ಬೋಟುಗಳೂ ದಡ ಸೇರಿದವು. ಅವರಲ್ಲೊಬ್ಬ ಸ್ರಾಂಕ್ ನನ್ನನ್ನು ಕಂಡು, ಜಾಗ ಮಾರಲಿಕ್ಕೆ ಅಂತ ತಿಳಿದಿದ್ದೆವು ಸಾರೆ, ಎಂದು ನಾಚಿ ನಕ್ಕ. ನಾನೂ ನಕ್ಕೆನೋ ಏನೋ. ಅವತ್ತೆಲ್ಲ ಗ್ರೇಸಿ ಲೆಕ್ಕ ಹಾಕುತ್ತಿದ್ದಳು: ಹತ್ತೂ ನಲವತ್ತಕ್ಕೆ ಹೊರಟರೆ ಗಾಳಿಗೆ ಮುಂಚೆ ಇಷ್ಟು ದೂರ ಬಂದಿರುತ್ತಾನೆ, ದಕ್ಷಿಣದ ಯಾವುದೋ ಬಂದರಿಗೆ ಹೋಗಿರುತ್ತಾನೆ, ಫೋನು ನೆಂದಿರುತ್ತದೆ. ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ಲೆಕ್ಕ ಶುರುವಾದದ್ದೇ ನನ್ನ ಸುಳ್ಳಿನಿಂದ.

ಭಾನುವಾರ ಬೆಳಗ್ಗೆ ಕೋಸ್ಟ್ ಗಾರ್ಡಿನ ಹಡಗು ಅಲ್ವಿನ್‌ನವರನ್ನು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿಗೆ ತಂದಿತು. ಬೋಟು ಮುಳುಗಿತ್ತು. ಹೋದವರು ಏಳು ಜನ, ಏಣಿ ಇಳಿದವರು ಆರು. ಬಾರದವನು ಅಡುಗೆ ಮಾಡುತ್ತಿದ್ದ ಬಂಗಾಳದವನು, ಅವನಿಗಾಗಿ ಕಾಯಲು ದಡದಲ್ಲಿ ಯಾರೂ ಬಂದಿರಲಿಲ್ಲ. ಅಲ್ವಿನ್ ಕಂಬಳಿ ಹೊದ್ದು, ಬಲಗೈಯನ್ನು ಎದೆಗೆ ಕಟ್ಟಿಕೊಂಡು ಇಳಿದ. ಗ್ರೇಸಿ ಓಡಿಹೋಗಿ ಅವನನ್ನು ಹಿಡಿದುಕೊಂಡಳು. ಹಿಡಿದುಕೊಂಡೇ ಬೈದಳು, ಅತ್ತಳು, "ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ? ಶುಕ್ರವಾರ ಬೆಳಗ್ಗೇನೇ ಹೊರಟವನು" ಎಂದು ಮತ್ತೆ ಮತ್ತೆ ಕೇಳಿದಳು.

"ಶುಕ್ರವಾರ ಬೆಳಗ್ಗೆಯಾ?" ಅಂದ ಅಲ್ವಿನ್. ಆಮೇಲೆ ಅವನಿಗೆ ನಾನು ಕಂಡೆ. ಕಟ್ಟದೆ ಇದ್ದ ಕೈಯಿಂದ ನನ್ನ ಕೈ ಹಿಡಿದುಕೊಂಡ.

"ನೀವು ಹೇಳಿದ ಮೇಲೆ ಸ್ವಿಚ್ಚಿನ ಮೇಲೆ ಬಟ್ಟೆ ಕಟ್ಟಿಬಿಟ್ಟೆ ಸಾರೆ. ಯಾರೂ ಮುಟ್ಟಲಿಲ್ಲ. ಸಂಜೆ ಗಾಳಿ ಎದ್ದಾಗ ಎಲ್ಲರೂ ವಾಪಸ್ ಹೋಗೋಣ ಅಂದ್ರು. ಅಡುಗೆಯವನಂತೂ ಕಾಲು ಹಿಡಿದ. ನಾನೇ ಬೇಡ ಅಂದೆ. ಹಸಿರು ದೀಪ ಉರೀತಾ ಇದೆ, ದೊಡ್ಡ ಗಾಳಿ ಆಗಿದ್ರೆ ಸಾರ್ ಹೇಳ್ತಿದ್ರು ಅಂದೆ."

ಗ್ರೇಸಿಯ ಕೈ ಅವನ ಕಂಬಳಿಯ ಮೇಲೆ ನಿಂತುಹೋಯಿತು. ಅವಳು ನನ್ನ ಕಡೆ ನೋಡಿದಳು. ಬೈದಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಡಿ, ಮನೆಗೆ ಹೋಗೋಣ" ಎಂದು ಅವಳು ಗಂಡನನ್ನು ತಿರುಗಿಸಿದಳು. ನಾಲ್ಕು ಹೆಜ್ಜೆ ಹೋದವನು ಅಲ್ವಿನ್ ಏನೋ ನೆನಪಾದವನಂತೆ ನಿಂತ.

"ಕ್ಷಮಿಸಿ ಸಾರೆ, ಪೆಟ್ಟಿಗೆ ಉಳಿಸ್ಕೊಳ್ಳೋಕೆ ಆಗಲಿಲ್ಲ" ಅಂದ. "ನೀರು ತುಂಬೋವರೆಗೂ ಉರೀತಾನೇ ಇತ್ತು."